ಕನ್ನಡ ಡಿ ಅಂಡ್ ಡಿ ಕಿಟ್ ಅಪ್‌ಡೇಟ್: ರೂಲ್ಸ್ ಸಿಕ್ಕಾವು, ಆಡಿಸೂದು ಕಲಿಸೂ ಕಥಿ ಇನ್ನೂ ಸಿಕ್ಕಿಲ್ಲ

ಕಿಟ್ ಎಲ್ಲೀತನಕ ಬಂತು ಅಂತ ಹುಬ್ಬಳ್ಳಿ ಗದಗ ಕಡೆಯವ್ರು ಕೇಳಾಕತ್ತೀರಿ, ಅದಕ್ಕ ಬರಿಯಾಕತ್ತೇನಿ. ಹೊಸದಾಗಿ ನೋಡಾಕತ್ತವ್ರಿಗೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅಂದ್ರ ಟೇಬಲ್ ಸುತ್ತ ಕುಂತು, ಒಬ್ರು ಕಥಿ ನಡಸಿ, ಉಳದವ್ರು ಒಂದೊಂದು ಪಾತ್ರ ಆಗಿ, ಡೈಸ್ ಉರುಳಿಸಿ ಆಡೂ ಆಟ. ಅದನ್ನ ಕನ್ನಡದಾಗ ಆಡಿಸಬೇಕು ಅನ್ನವ್ರ ಕೈಗೆ ಕೊಡಾಕ ಒಂದು ಸಣ್ಣ ರೂಲ್ ಪುಸ್ತಕ, ನಾಕು ರೆಡಿ ಕ್ಯಾರೆಕ್ಟರ್ ಶೀಟು, ಒಂದು ಸಂಜಿಗೆ ಮುಗಿಯೂವಂಥಾ ಸಾಹಸ (ಅಂದ್ರ ಆಡಿಸೂ ಕಥಿ), ಇಷ್ಟು ನಮ್ಮ ಕಿಟ್. ರೂಲ್ಸ್ ಭಾಗ ಮುಗದೈತಿ. ಶೀಟುಗಳೂ ಮುಗದಾವು, ಫೈಟರ್ (ಕಾದಾಡವ), ರೋಗ್ (ಕಳ್ಳಹೆಜ್ಜಿಯವ), ಕ್ಲೆರಿಕ್ (ದೇವ್ರ ಸೇವಕ), ವಿಝರ್ಡ್ (ಮಂತ್ರವಾದಿ). ಗಾಡಿ ನಿಂತಿರೂದು ಸಾಹಸದ ಹತ್ರ.

ರೂಲ್ಸ್ ಭಾಗ ಇಷ್ಟು ಸಲೀಸಾಗಿ ಆಗಿದ್ದಕ್ಕ ಕಾರಣ ಐತಿ. 2023ರ ಜನವರಿಯೊಳಗ ಈ ಆಟದ ಪಬ್ಲಿಷರ್ ವಿಝರ್ಡ್ಸ್ ಆಫ್ ದ ಕೋಸ್ಟ್‌ನವ್ರು, ಬ್ಯಾರೆಯವ್ರಿಗೂ ರೂಲ್ಸ್ ಬಳಸಾಕ ಬಿಡೂ, 2000ದಿಂದ ನಡಕೋತ ಬಂದಿದ್ದ ಓಪನ್ ಗೇಮ್ ಲೈಸೆನ್ಸ್ ಬದಲಿಸಾಕ ಹೋದ್ರು, ಆಟಗಾರ್ರು, ಸಣ್ಣ ಪಬ್ಲಿಷರ್‌ಗಳು ಎಲ್ಲಾ ಕೂಡಿ ಎದ್ದು ನಿಂತ್ರು, ಕಡೀಕ ಜನವರಿ 27ಕ್ಕ ಅವ್ರು ಹಿಂದ ಸರದು ಎಸ್‌ಆರ್‌ಡಿ 5.1 (ಆಟದ ಮೂಲ ರೂಲ್ಸ್ ಇರೂ ದಸ್ತಾವೇಜು) ಪೂರ್ತಿ ಕ್ರಿಯೇಟಿವ್ ಕಾಮನ್ಸ್ ಅನ್ನೂ ಮುಕ್ತ ಲೈಸೆನ್ಸ್‌ಗೆ ಹಾಕಿದ್ರು. 2025ರ ಏಪ್ರಿಲ್‌ನ್ಯಾಗ ಹೊಸಾ ರೂಲ್ಸ್‌ದು ಎಸ್‌ಆರ್‌ಡಿ 5.2 ಸೈತ ಹಂಗ ಬಂತು. ಅಂದ್ರ ಹೆಸರು ಹಾಕಿ ಕ್ರೆಡಿಟ್ ಕೊಟ್ರ ಸಾಕು, ಕನ್ನಡಕ್ಕ ತರಬಹುದು, ಪ್ರಿಂಟ್ ಹಾಕಬಹುದು, ಮಾರಬಹುದು, ಯಾರನ್ನೂ ಕೇಳೂ ಜರೂರತ್ತಿಲ್ಲ, ಮತ್ತ ಒಮ್ಮೆ ಕೊಟ್ಟ ಆ ಲೈಸೆನ್ಸ್ ವಾಪಸ್ ತಗೊಳ್ಳಾಕೂ ಬರೂದಿಲ್ಲ. ಇದು ಭಾಳ ದೊಡ್ಡ ಕೊಡುಗೆ, ಖರೇನ ಹೇಳ್ತೇನಿ, ಇದಿಲ್ಲಾಂದ್ರ ನಮ್ಮ ಕಿಟ್ ಹುಟ್ಟತಿದ್ದಿಲ್ಲ.

ಆದ್ರ ಎಸ್‌ಆರ್‌ಡಿಯಾಗ ಒಂದೂ ಸಾಹಸ ಇಲ್ಲ. ಮಂತ್ರ ಅದಾವು, ರಾಕ್ಷಸ್ರು ಅದಾರು, ಹಗ್ಗದ ರೇಟಿನಿಂದ ಹಿಡದು ಎಲ್ಲಾ ಐತಿ, ಆಡಿಸಿ ತೋರಸೂ ಕಥಿ ಮಾತ್ರ ಇಲ್ಲ. ಡಿಎಂ (ಡಂಜನ್ ಮಾಸ್ಟರ್, ಅಂದ್ರ ಆಟ ಆಡಸವ್ರು) ಆಗೂದು ರೂಲ್ಸ್ ಓದಿ ಬರೂದಲ್ರಿ, ಒಂದು ಚಲೋ ಸಾಹಸ ಕೈಯಾಗ ಹಿಡಕೊಂಡು ಆಡಿಸಿದ್ರ ಬರೂವಂಥಾದ್ದು.

ನಮ್ಮ ಸಾಹಸದ ಜಾಗಾ ಒಂದು ಹಳೇ ಮೆಟ್ಟಿಲ ಬಾವಿ. ಲಕ್ಕುಂಡಿ ಮುಸುಕಿನ ಬಾವಿ ನೋಡಿದವ್ರಿಗೆ ತಿಳೀತೈತಿ, ಮೆಟ್ಟಲಾ ಇಳಕೋತ ಹೋದಂಗ ಗ್ವಾಡ್ಯಾಗ ಸಣ್ಣ ಸಣ್ಣ ಗುಡಿ ಬರ್ತಾವು. ದೇವ್ರ ಜಾಗಾದಾಗ ಗಾಬ್ಲಿನ್ (ಆಟದಾಗಿನ ಸಣ್ಣ ಕಿಡಿಗೇಡಿ ಜೀವಿ) ಕುಂದ್ರಸೂದು ಬ್ಯಾಡ ಅಂತ ನಾವು ಬ್ಯಾರೆ ಹೆಸರಿನ ಬ್ಯಾರೆ ಬಾವಿ ಮಾಡೇವಿ, ಗುಡಿ ಇದ್ದಲ್ಲಿ ಬರೇ ಖಾಲಿ ಗೂಡು ಇಟ್ಟೇವಿ. ಈಗ ನಾಕು ಮಂದಿ ಫಸ್ಟ್ ಲೆವೆಲ್ ಆಟಗಾರ್ರಿಗೆ ಎಷ್ಟು ಗಾಬ್ಲಿನ್ ಇಡಬೇಕು? 2024ರ ಹೊಸಾ ಲೆಕ್ಕದ ಪ್ರಕಾರ ಮಾಡರೇಟ್ (ಮಧ್ಯಮ) ಫೈಟಿಗೆ ತಲಿಗೆ 75 ಎಕ್ಸ್‌ಪಿ (ಫೈಟು ಎಷ್ಟು ಕಠಿಣ ಅಂತ ಅಳಿಯೂ ಅಂಕ), ನಾಕು ಮಂದಿಗೆ 300. ಒಂದು ಗಾಬ್ಲಿನ್ ವಾರಿಯರ್ 50, ಅಂದ್ರ ಆರು ಇಡಬಹುದು ಅಂದಂಗಾತು. ಅದ ಆರು ಗಾಬ್ಲಿನ್‌ನ 2014ರ ಲೆಕ್ಕಕ್ಕ ಹಾಕ್ರಿ, ಸಂಖ್ಯಾ ಜಾಸ್ತಿ ಐತಿ ಅಂತ ಎರಡರಿಂದ ಗುಣಸ್ತಾರ, 600 ಆಗತೈತಿ, ಅಲ್ಲೆ ನಾಕು ಮಂದಿಗೆ 400 ಮುಟ್ಟಿದ್ರನ ಡೆಡ್ಲಿ, ಅಂದ್ರ ಜೀವಕ್ಕ ಅಪಾಯ!

ಟೇಬಲ್ ಮ್ಯಾಲೆ ಏನಾಗತೈತಿ ನೋಡ್ರಿ. ನಮ್ಮ ಶೀಟಿನ ವಿಝರ್ಡ್‌ಗೆ 8 ಹಿಟ್ ಪಾಯಿಂಟ್, ಅಂದ್ರ ಜೀವದ ಅಂಕ. ಗಾಬ್ಲಿನ್ ಗೂಡಿನ್ಯಾಗ ಅಡಗಿ ಕುಂತು ಹೊಡದ್ರ ಅಡ್ವಾಂಟೇಜ್ (ಡೈಸ್ ಎರಡು ಸಲ ಉರುಳಿಸಿ ದೊಡ್ಡದು ತಗೊಳ್ಳೂದು), ಹೊಡತ ಡಿ6ಕ್ಕ (ಆರು ಮುಖದ ಡೈಸ್) 2 ಕೂಡಿಸಿ, ಅಡ್ವಾಂಟೇಜ್ ಇತ್ತಂದ್ರ ಮ್ಯಾಲೊಂದು ಡಿ4. ಸರಾಸರಿ ತಗದ್ರ ಸರಿಯಾಗಿ 8. ಒಂದ ಪೆಟ್ಟಿಗೆ ವಿಝರ್ಡ್ ನೆಲಕ್ಕ. ಹೊಡದು ಮತ್ತ ಬೋನಸ್ ಆ್ಯಕ್ಷನ್‌ನ್ಯಾಗ ಅಡಗತಾವು ಅವು, ಅದು ಅವುಕ್ಕ ಹುಟ್ಟುಗುಣ. ಬಯಲಾಗ ನಿಂತ ಆರು ಗಾಬ್ಲಿನ್ ಬ್ಯಾರೆ, ಗೂಡಿರೂ ಬಾವ್ಯಾಗಿನ ಆರು ಗಾಬ್ಲಿನ್ ಬ್ಯಾರೆ, ಎಕ್ಸ್‌ಪಿ ಮಾತ್ರ ಎರಡಕ್ಕೂ ಒಂದ. ಈ ಫರಕು ಹೊಸಬ್ರಿಗೆ ಯಾರು ಹೇಳಬೇಕು?

ವಿದ್ಯಾಗಿರಿ ಕಡೆ ತಂಗಿ ಒಬ್ಬಾಕಿ ಮೊದಲನೇ ಸಲ ಡಿಎಂ ಆಗಿ ಈ ಬಾವಿ ಆಡಿಸಿದ್ಲು. ರೂಲ್ಸ್ ಆಕಿಗೆ ನನಗಿಂತ ಚಲೋ ಬರ್ತಾವು. ರೋಗ್ ಆಡೂ ಹುಡುಗ ಕೇಳಿದ, "ಅಕ್ಕಾರ, ಮೆಟ್ಟಲಾ ಮ್ಯಾಲೆ ಎಣ್ಣಿ ಸುರದು ಬೆಂಕಿ ಹಚ್ಚಿದ್ರ?" ಆಕಿ ತಡಾ ಇಲ್ದಂಗ ಹೇಳಿದ್ಲು, ಐದು ಅಡಿ ಜಾಗಾ ಉರೀತೈತಿ, ಅಲ್ಲೆ ಕಾಲಿಟ್ಟವ್ರಿಗೆ 5 ಫೈರ್ ಡ್ಯಾಮೇಜ್. ಗಾಬ್ಲಿನ್‌ಗೆ ಇರೂದ 10, ಅರ್ಧಾ ಜೀವ ಹೋತು. ಮುಂದ? ಉಳದ ಗಾಬ್ಲಿನ್ ಓಡ್ತಾವೋ, ಬೆಂಕಿ ಆರೂತನಕ ಕೆಳಗ ಕಾಯ್ತಾವೋ, ಮಾತುಕತಿಗೆ ಬರ್ತಾವೋ? ಅಲ್ಲಿ ಆಕಿ ನಿಂತಬಿಟ್ಲು, ಯಾಕಂದ್ರ ಅವು ಆ ಬಾವ್ಯಾಗ ಯಾಕ ಅದಾವು, ಏನು ಬೇಕಾಗೈತಿ ಅವುಕ್ಕ ಅನ್ನೂದು ಯಾವ ರೂಲಿನ್ಯಾಗೂ ಇರೂದಿಲ್ಲ, ಸಾಹಸದ ಹಾಳ್ಯಾಗ ಇರಬೇಕು.

ಅದಕ್ಕ ನನ್ನ ಬೇಡಿಕಿ ಇದ. ಪಬ್ಲಿಷರ್ ಎಸ್‌ಆರ್‌ಡಿ ಜೋಡಿ ಒಂದು ಶುರುವಾತಿನ ಸಾಹಸ ಅದ ಕ್ರಿಯೇಟಿವ್ ಕಾಮನ್ಸ್‌ನ್ಯಾಗ ಕೊಡಬೇಕು. ಒಂದ ಸಾಕು, ಆದ್ರ ಪುಟದ ಬಾಜೂಕ ಕಾರಣ ಬರದಿರಬೇಕು: ಇಲ್ಲೆ ಮೂರು ಗಾಬ್ಲಿನ್ ಯಾಕ, ಇಲ್ಲೆ ಆಟಗಾರ್ರು ಸೋತ್ರ ಕಥಿ ಹೆಂಗ ಮುಂದ ಹೋಗತೈತಿ, ಇಲ್ಲೆ ಡೈಸ್ ಉರುಳಿಸೂದ ಬ್ಯಾಡ ಯಾಕ. 1974ರಿಂದ ಈ ಆಟ ನಡದೈತಿ, ಅಷ್ಟು ವರ್ಷದ ಅನುಭವ ಇದ್ದವ್ರು ಬರದದ್ದನ್ನ ನಾವು ಗದಗಿನ ಬಾವಿಗೆ, ಹಾವೇರಿ ಸಂತಿಗೆ ಹೊಂದಿಸಿಕೊಳ್ಳೂದು ಸುಲಭ. ಫ್ರೀಯಾಗಿ ಓದಾಕ ಕೊಟ್ರ ನಮಗ ಸಾಲೂದಿಲ್ಲ, ಬದಲಿಸಿ ಹಂಚಾಕ ಬರಬೇಕು.

ಎರಡನೇದು ಪಿಡಿಎಫ್. 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂದಾಗ ಅಮೆರಿಕಾದ ರೇಟು 49.99 ಡಾಲರ್ ಇತ್ತು, ನಮ್ಮ ದುಡ್ಡಿನ್ಯಾಗ ನಾಕು ಸಾವಿರ ದಾಟತೈತಿ, ಅಂಥಾವು ಮೂರು ಪುಸ್ತಕ. ಹಾರ್ಡ್‌ಕವರ್ ತಗೋಬೇಕು ಇಲ್ಲಾ ಆನ್‌ಲೈನ್‌ನ್ಯಾಗ ಓದಬೇಕು, ಪಿಡಿಎಫ್ ಮಾರೂದ ಇಲ್ಲ. ಕಾಲೇಜ್ ಹುಡುಗ್ರು ಪಟ್ಟಿ ಹಾಕಿ ಒಂದು ಪಿಡಿಎಫ್ ತಗೊಂಡು ಬೇಕಾದ ಹಾಳಿ ಪ್ರಿಂಟ್ ತಗಸೂವಂಗ ಇದ್ರ ಎಷ್ಟ ಟೇಬಲ್ ಶುರು ಆಗತಿದ್ವು.

ಭಾಷಾ ವಿಷಯದಾಗ ಎಸ್‌ಆರ್‌ಡಿಯನ್ನ ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್‌ಗೆ ಅವ್ರ ಮಾಡಿ ಕೊಟ್ಟಾರ. ಕನ್ನಡದ್ದು ನಾವ ಮಾಡ್ತೇವಿ, ಅದಕ್ಕ ತಕರಾರಿಲ್ಲ. ಎರಡು ಕಾಲಂ ಪಿಡಿಎಫ್ ಬದ್ಲಿ ಸಾದಾ ಟೆಕ್ಸ್ಟ್ ಫೈಲ್ ಕೊಟ್ರ ಟೇಬಲ್‌ಗಳನ್ನ ಕೈಯಿಂದ ಮತ್ತ ಕೂಡಸೂ ಕೆಲಸ ತಪ್ಪತೈತಿ, ಅಷ್ಟ.

ಈಗಿನ ಸ್ಥಿತಿ: ಮೇಲಿನ ಮೆಟ್ಟಲದ ಫೈಟು ಬದಲಿಸೇವಿ, ಮೂರು ವಾರಿಯರ್, 25 ಎಕ್ಸ್‌ಪಿಯ ಎರಡು ಮಿನಿಯನ್ (ಕಡಿಮಿ ಬಲದ ಗಾಬ್ಲಿನ್), ಕೂಡಿ 200, ಅಂದ್ರ ಲೋ, ಹಗುರ ಫೈಟು. ಗೂಡಿನ ಲಾಭ ಅವುಕ್ಕ ಇರೂದ್ರಿಂದ ಅಷ್ಟ ಸಾಕು. ಅವು ಬಾವ್ಯಾಗ ಯಾಕ ಅದಾವು ಅನ್ನೂದೂ ಬರದೇವಿ: ಕೆಳಗಿನ ಹಾದ್ಯಾಗ ಹತ್ತಡಿ ಜೆಲಾಟಿನಸ್ ಕ್ಯೂಬ್ (ಲೋಳಿಯಂಥಾ ಚೌಕಾಕಾರದ ರಾಕ್ಷಸ) ಬಂದು ಅವ್ರ ಮನೀ ದಾರಿ ಕಟ್ಟೈತಿ, ಮ್ಯಾಲೆ ಬಂದ್ರ ಊರ ಮಂದಿ ಹೊಡೀತಾರ. ಬೆಂಕಿ ಕಂಡ್ರ ಮಾತಿಗೆ ಬರ್ತಾವು. ಇನ್ನ ಉಳದದ್ದು ಕ್ಯೂಬ್ ಇರೂ ಹಾದಿ ಮತ್ತ ನಕ್ಷಾ. ಕಪ್ಪು ಬಿಳುಪು ಝೆರಾಕ್ಸ್‌ನ್ಯಾಗ ನೀರು ಯಾವ್ದು ಮೆಟ್ಟಲಾ ಯಾವ್ದು ಗೊತ್ತಾಗವಲ್ದು, ಅದನ್ನ ಬರೇ ಗೆರಿಯಿಂದ ತಗೀಬೇಕು. ಹಾವೇರಿ ಕಡೆ ಯಾರರ ಪೆನ್ನಿನಿಂದ ನಕ್ಷಾ ತಗಿಯವ್ರು ಇದ್ರ ಹೇಳ್ರಿ, ಅಳತಿ ಹಾಕಿದ ಕಚ್ಚಾ ಹಾಳಿ ಕಳಸ್ತೇನಿ.