ದೊಮೊವೋಯ್‌ಗೆ ದೀರ್ಘ ಸಿಕ್ಕಿತು: ವಿಂಟರ್‌ನೈಟ್ ಕಾರ್ಡುಗಳು, ಮೂರನೆಯ ಸುತ್ತು

ಗಂಟು ಬಿಚ್ಚಿತು! ರಷ್ಯನ್ ಹೆಸರುಗಳನ್ನು ಕನ್ನಡದಲ್ಲಿ ಬರೆಯುವ ಕಗ್ಗಂಟಿಗೆ ಮದ್ದು ಕನ್ನಡದ ದೀರ್ಘಸ್ವರದಲ್ಲೇ ಇತ್ತು.

ಕ್ಯಾಥರೀನ್ ಆರ್ಡೆನ್ ಅವರ ವಿಂಟರ್‌ನೈಟ್ ಎಂಬ ಹಳೆಯ ರಷ್ಯದ ಕಾದಂಬರಿ ತ್ರಿವಳಿ (2017ರಲ್ಲಿ ಎರಡು, 2019ರಲ್ಲಿ ಕೊನೆಯದು) ಓದುತ್ತಿರುವವರಿಗೆ ಪಾತ್ರಗಳ ಕಾರ್ಡು ಯಾಕೆ ಬೇಕೆಂದು ಹೇಳಬೇಕಿಲ್ಲ. ಹಿಂಬದಿಯಲ್ಲಿ ಪದಕೋಶವೇನೋ ಇದೆ. ಇ-ಪುಸ್ತಕದಲ್ಲಿ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಹಿಮದ ದೃಶ್ಯದ ಬಿಸಿ ಆರಿರುತ್ತದೆ.

ತೊಂದರೆ ಇದ್ದದ್ದು ಇಂಗ್ಲಿಷ್ ಕಾಗುಣಿತ ನೋಡಿ ಬರೆಯುವುದರಲ್ಲಿ. ಮನೆ ಕಾಯುವ ಭೂತದ ಹೆಸರನ್ನು ‘ಡೊಮೊವೊಯ್’ ಎಂದು ಬರೆದರೆ ಎರಡು ತಪ್ಪು. ರಷ್ಯನ್ನಿನ ದ, ತ ಹಲ್ಲಿಗೆ ತಾಗುವ ಅಕ್ಷರಗಳು, ನಮ್ಮ ಡ, ಟ ಅಲ್ಲ. ಎರಡನೆಯದು, ಒತ್ತು ಎಲ್ಲಿ ಬೀಳುತ್ತದೆ, ಅಂದರೆ ಯಾವ ಸ್ವರವನ್ನು ಗಟ್ಟಿಯಾಗಿ ಹೇಳಬೇಕು ಎಂಬುದೇ ತಿಳಿಯುವುದಿಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಅದು ಕಾಣುವುದಿಲ್ಲ, ನಮಗೆ ತೋರಿಸಲು ದಾರಿಯಿದೆ. ಒತ್ತು ಬಿದ್ದ ಕಡೆ ದೀರ್ಘ, ಉಳಿದೆಡೆ ಹ್ರಸ್ವ: ದೊಮೊವೋಯ್ (ಒಲೆಯ ಹಿಂದಿನವನು), ದ್ವೊರೊವೋಯ್ (ಅಂಗಳದವನು), ಬಾನ್ನಿಕ್ (ಬಚ್ಚಲುಮನೆಯವನು), ರುಸಾಲ್ಕ (ನೀರಿನವಳು), ಲೇಶಿ (ಕಾಡಿನವನು), ಕುದುರೆ ಸೊಲೊವೇಯ್, ಕಥಾನಾಯಕಿ ವಸಿಲೀಸ ಪೆತ್ರೋವ್ನ. ಗಟ್ಟಿಯಾಗಿ ಓದಿ ನೋಡಿ, ನಾಲಿಗೆ ತಾನಾಗಿ ದಾರಿ ಹಿಡಿಯುತ್ತದೆ.

ಇಂದಿನ ರಷ್ಯನ್ನಿನಲ್ಲಿ ಒತ್ತಿಲ್ಲದ ‘ಒ’ಕಾರ ‘ಅ’ ಆಗುತ್ತದೆ, ಹಾಗಾಗಿ ‘ದಮವೋಯ್’ ಬೇಡವೇ ಎಂಬ ಪ್ರಶ್ನೆ ಬರುತ್ತದೆ. ಬೇಡ. ಆ ಉಚ್ಚಾರ ಬರಹದಲ್ಲಿ ಮೊದಲು ಇಣುಕುವುದೇ 14ನೇ ಶತಮಾನದಲ್ಲಿ, ಕಥೆ ನಡೆಯುವುದೂ ಆಗಲೇ. ಒಕಾರ ಇರಲಿ. ಚಳಿಯ ಒಡೆಯ ಮೊರೋಸ್ಕೊ (ಇಂಗ್ಲಿಷಿನಲ್ಲಿ Morozko) ಮಾತ್ರ ಬೇರೆ: ಕ ಮುಂದೆ ಬಂದಾಗ ಝೇಂಕಾರದ ಆ z ಅಕ್ಷರ ‘ಸ’ ಆಗುತ್ತದೆ. ಫಾಂಟಿನಲ್ಲಿ ಕೈಕೊಡುವ ಜ಼ ಚುಕ್ಕೆಯ ರಗಳೆಯೂ ತಪ್ಪಿತು.

ಮುದ್ದು ಹೆಸರುಗಳನ್ನು ಬೇರೆ ಕಾರ್ಡಿಗೆ ಹಾಕಬೇಡಿ. ವಸಿಲೀಸ, ವಾಸ್ಯ, ವಾಸೊಚ್ಕ ಒಬ್ಬಳೇ. ಎರಡನೆಯ ಪುಸ್ತಕದಲ್ಲಿ ಅವಳು ಗಂಡುವೇಷದಲ್ಲಿ ವಸೀಲಿ ಪೆತ್ರೋವಿಚ್ ಆದಾಗಲೂ ಮನೆಯವರ ‘ವಾಸ್ಯ’ ಬದಲಾಗಬೇಕಿಲ್ಲ, ಏಕೆಂದರೆ ಎರಡೂ ಹೆಸರಿಗೆ ಮುದ್ದು ರೂಪ ಒಂದೇ. ಎಷ್ಟು ಸೊಗಸಾದ ಹೊಂದಿಕೆ! ‘ಮೆದ್ವೇದ್’ (ಕರಡಿ) ಕಾರ್ಡಿನ ಮೂಲೆಯಲ್ಲಿ ‘ಜೇನುಣ್ಣುವವನು’ ಎಂದು ಬರೆಯಿರಿ. ಕರಡಿಯ ನಿಜನಾಮ ಬಾಯಲ್ಲಿ ತರಬಾರದೆಂದು ಹುಟ್ಟಿದ ಮರೆಮಾತು ಅದು, ನಮ್ಮ ಹಳ್ಳಿಗಳಲ್ಲಿ ಹಾವಿಗೆ ‘ಹುಳ’ ಎಂದಂತೆ.

ವಾಸ್ಯಳ ಅಣ್ಣ ಸಾಶನ ಕಾರ್ಡು ಅಪಾಯಕಾರಿ. ಅವನ ಪೂರ್ಣ ಹೆಸರಿನಲ್ಲಿ ‘ಪೆರೆಸ್ವೇತ್’ ಬರೆದರೆ, 1380ರ ಕುಲಿಕೋವೊ ಯುದ್ಧದ ಕಥೆ ಗೊತ್ತಿದ್ದವರಿಗೆ ಮೂರನೆಯ ಪುಸ್ತಕದ ಕೊನೆ ಮೊದಲೇ ತಿಳಿದಂತೆಯೇ. ಆ ಸಾಲನ್ನು ಹಿಂಬದಿಯಲ್ಲಿ ಬರೆದು ಕಾಗದದ ಪಟ್ಟಿ ಅಂಟಿಸಿ.

ಈಗ ಕಾರ್ಡು ಮಾರುವವರ ವಿಷಯ. ಕಟ್ಟಿನ ಮೇಲೆ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಎಂಬ ಅಳತೆ) ಎಂಬ ಚೀಟಿ, ಒಳಗೆ ಜೆಲ್ ಪೆನ್ನಿನ ಶಾಯಿ ಹಿಂದಕ್ಕೆ ಇಳಿಯುವ ತೆಳು ಹಾಳೆ. ಇದು ಶುದ್ಧ ಮೋಸ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ: 3×5 ಇಂಚಿನ 100 ಕಾರ್ಡು ನಿಜವಾಗಿ 300 ಜಿಎಸ್‌ಎಂ ಇದ್ದರೆ ಸುಮಾರು 290 ಗ್ರಾಂ ತೂಗಬೇಕು. 175ರ ಹತ್ತಿರ ನಿಂತರೆ ಅದು 180 ಜಿಎಸ್‌ಎಂ. ವಾಪಸು ಮಾಡಿ, ಇಲ್ಲವೇ ಬಾಲ್‌ಪೆನ್ನಿನಲ್ಲಿ ಬರೆಯಿರಿ.

ಮುಂದಿನ ಸುತ್ತು ರಷ್ಯನ್ ಜನಪದ ಕಥೆಗಳ ಸಂಗ್ರಾಹಕ ಅಫನಾಸ್ಯೆವ್ ಅವರದು. 1855ರಿಂದ 1863ರವರೆಗೆ ಅವರು ಪ್ರಕಟಿಸಿದ ಜನಪದ ಕಥೆಗಳಲ್ಲಿ ಮೊರೋಸ್ಕೊ ಇದ್ದಾನೆ. ತ್ರಿವಳಿಯ ಆರಂಭದಲ್ಲಿ ಮುದುಕಿ ದೂನ್ಯ ಒಲೆಯ ಬಳಿ ಹೇಳುವ ಕಥೆಯ ಬೇರು ಅದು. ಚಳಿಯಲ್ಲಿ ಕೂತ ಹುಡುಗಿಯನ್ನು ಅವನು ಕೇಳುತ್ತಾನೆ: ‘ಬೆಚ್ಚಗಿದ್ದೀಯಾ, ಹೆಣ್ಣೇ?’ ಈ ‘ಹೆಣ್ಣೇ’ ಸರಿಯೋ, ‘ಮಗಳೇ’ ಸರಿಯೋ? ಎರಡು ಕಾರ್ಡು ಖಾಲಿ ಇಟ್ಟಿದೆ.