ಮೊದಲ ಸಲ ಕೇಸ್ ಬಿದ್ದಾಗ

ಕಳೆದ ವರ್ಷ ಒಂದು ಸಂಜೆ ಅಕ್ಕನ ಮಗ ಫೋನ್ ಮಾಡಿದ. "ಚಿಕ್ಕಮ್ಮ, ಟ್ರಾಫಿಕ್ ಪೊಲೀಸರು ಹಿಡಿದಿದ್ದಾರೆ, ಅಮ್ಮಂಗೆ ಹೇಳ್ಬೇಡ." ಜಯನಗರದಲ್ಲಿ ಯೂ ಟರ್ನ್ ದೂರ ಅಂತ ಒನ್‌ವೇಯಲ್ಲಿ ಉಲ್ಟಾ ಸ್ಕೂಟರ್ ಓಡಿಸಿದ್ದ. ರಸ್ತೆ ದಾಟಲು ಇಳಿದ ಒಬ್ಬ ಅಜ್ಜ ಗಾಡಿ ಬರಬೇಕಾದ ಕಡೆ ಮಾತ್ರ ನೋಡಿದ್ದಾರೆ, ಇವನು ಇನ್ನೊಂದು ಕಡೆಯಿಂದ ಬಂದಿದ್ದಾನೆ. ಅಜ್ಜ ಗಾಬರಿಯಿಂದ ಹಿಂದೆ ಸರಿದರು, ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ ಬಿದ್ದು ಒಡೆಯಿತು. ಪುಣ್ಯಕ್ಕೆ ಅಷ್ಟೇ ಆಯಿತು.

"ನೂರು ಮೀಟರೂ ಇಲ್ಲ ಚಿಕ್ಕಮ್ಮ" ಅಂತ ಅವನು ಹೇಳ್ತಾನೇ ಇದ್ದ. ನಾನು ಹೇಳಿದ್ದು ಇಷ್ಟೇ: ವಾದ ಮಾಡಬೇಡ, ಯಾರ ಹೆಸರೂ ಹೇಳಬೇಡ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡ. ಡಿಎಲ್, ಆರ್‌ಸಿ ಡಿಜಿಲಾಕರ್‌ನಲ್ಲಿದ್ದರೆ ಅದನ್ನೇ ತೋರಿಸು, ನಡೆಯುತ್ತದೆ. ಅವರು ಕೊಟ್ಟ ಕಾಗದದಲ್ಲಿ ಯಾವ ಸೆಕ್ಷನ್ ಬರೆದಿದ್ದಾರೆ ಅಂತ ಓದು.

ಈ ಸೆಕ್ಷನ್ ನೋಡುವುದೇ ಮುಖ್ಯ. ಹೆಲ್ಮೆಟ್ ಇಲ್ಲದ್ದಕ್ಕೆ ಬೀಳುವ ದಂಡವೂ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನೂ ಒಂದೇ ಅಲ್ಲ. 184 ಅಂದರೆ ಅಪಾಯಕಾರಿ ಚಾಲನೆ. 2019ರ ತಿದ್ದುಪಡಿ ಆದ ಮೇಲೆ ಸಿಗ್ನಲ್ ಜಂಪ್, ಕೈಯಲ್ಲಿ ಫೋನ್, ಉಲ್ಟಾ ದಿಕ್ಕಿನಲ್ಲಿ ಓಡಿಸುವುದು ಎಲ್ಲ ಇದರೊಳಗೇ ಬರುತ್ತವೆ. ಮೊದಲ ಸಲ 1000ದಿಂದ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಜೈಲು, ಎರಡೂ ಆಗಬಹುದು. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ದಂಡ 10,000, ಜೈಲು ಎರಡು ವರ್ಷದವರೆಗೆ. ಇದರಲ್ಲಿ ಫೋನ್ ಕೇಸನ್ನು ಬಿಟ್ಟರೆ ಉಳಿದದ್ದು ಸ್ಥಳದಲ್ಲೇ ದಂಡ ಕಟ್ಟಿ ಮುಗಿಯುವುದಿಲ್ಲ, ಕೋರ್ಟಿಗೇ ಹೋಗಬೇಕು. ಭಾರತೀಯ ನ್ಯಾಯ ಸಂಹಿತೆಯ 281, ಅಂದರೆ ಬೇಜವಾಬ್ದಾರಿ ಚಾಲನೆ, ಕೂಡ ಬರೆದಿದ್ದರೆ ಅದು ಎಫ್‌ಐಆರ್. ಆಗ ವಕೀಲರನ್ನು ಕೇಳದೆ ಏನನ್ನೂ ಒಪ್ಪಿಕೊಳ್ಳಬೇಡಿ.

ಇವನದು 184 ಮಾತ್ರ. ಪೊಲೀಸರು ಡಿಎಲ್ ತೆಗೆದುಕೊಂಡರೆ ಸ್ವೀಕೃತಿ ಚೀಟಿ ಕೇಳಿ ಪಡೆಯಬೇಕು, ಅದನ್ನು ಇವನು ಪಡೆದಿದ್ದ. ಡಿಎಲ್ ಆರ್‌ಟಿಓಗೆ ಹೋದರೆ ಮೂರು ತಿಂಗಳು ಅಮಾನತು ಆಗಬಹುದು, ಆದರೆ ಅದಕ್ಕೆ ಮೊದಲು ನಮ್ಮ ಮಾತು ಕೇಳಲೇಬೇಕು. ಆ ನೋಟಿಸ್ ಬಂದಾಗ ಸುಮ್ನೆ ಕೂರಬೇಡಿ, ಉತ್ತರ ಕೊಡಿ.

ಕೋರ್ಟಿಗೆ ನಾನೂ ಹೋಗಿದ್ದೆ. ಬೆಳಿಗ್ಗೆಯಿಂದ ಕಾದು ಕಾದು ಮಧ್ಯಾಹ್ನ ಹೆಸರು ಕೂಗಿದರು. ಅವನು ತಪ್ಪು ಒಪ್ಪಿಕೊಂಡ. ನನಗೆ ಅದೇ ಸರಿ ಅನ್ನಿಸಿತು, ಅಜ್ಜ ಬಿದ್ದಿದ್ದರೆ ನಾವು ನಿಲ್ಲುತ್ತಿದ್ದ ಜಾಗವೇ ಬೇರೆ ಅಲ್ವಾ. ಆದರೆ ನಿಮ್ಮದಲ್ಲದ ತಪ್ಪನ್ನು ಬೇಗ ಮುಗಿಯಲಿ ಅಂತ ಒಪ್ಪಿಕೊಳ್ಳಬೇಡಿ. ಒಪ್ಪಿದರೆ ಅದು ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ಸಲ ಅದೇ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ವಿಷಯ. ಆ ವಾರವೇ ಅವನ ವಾಟ್ಸಾಪ್‌ಗೆ "ಚಲನ್ ಬಾಕಿ ಇದೆ" ಅಂತ ಒಂದು ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂತು. ಹೆದರಿಕೆಯಲ್ಲಿದ್ದ ಹುಡುಗ, ಇನ್ನೇನು ಒತ್ತಿಬಿಡುತ್ತಿದ್ದ. ಅದು ಮೋಸ. ಬಾಕಿ ನೋಡಬೇಕಾದರೆ ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇರುವ ಸರ್ಕಾರದ ಪರಿವಾಹನ್ ಪುಟಕ್ಕೆ ನೀವೇ ಹೋಗಿ, ಗಾಡಿ ನಂಬರ್ ಹಾಕಿ ನೋಡಿ. ದಂಡ ಕಟ್ಟಿದ ಮೇಲೂ ಒಂದು ವಾರ ಬಿಟ್ಟು ಮತ್ತೆ ನೋಡಿ. ಇವನದು ಕಟ್ಟಿ ಹತ್ತು ದಿನ ಆದರೂ ಬಾಕಿ ಅಂತಲೇ ತೋರಿಸುತ್ತಿತ್ತು, ರಸೀದಿ ಇದ್ದದ್ದಕ್ಕೆ ಸರಿ ಮಾಡಿಸಿಕೊಂಡು ಬಂದ.