ರೇಷ್ಮೆಗೂಡಿನ ಕ್ರಿಸ್‌ಮಸ್ ನಕ್ಷತ್ರ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ರೇಷ್ಮೆಗೂಡಿನ ಬೆಲೆ ಗೊತ್ತು. ಆದರೆ ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡಿನಿಂದ ಎಡೆಬಿಡದ ನೂಲು ಬಿಚ್ಚಲಾಗದ ಕಾರಣ ಅದನ್ನು ಕೇಳುವವರೇ ಕಡಿಮೆ. ಈ ಸಲ ನಮ್ಮ ಮನೆಯ ಕ್ರಿಸ್‌ಮಸ್ ಮರಕ್ಕೆ ನಾನು ಆರಿಸಿಕೊಂಡದ್ದು ಅಂಥ ಗೂಡುಗಳನ್ನೇ.

ಗೂಡನ್ನು ಉದ್ದಕ್ಕೆ ಎಸಳುಗಳಾಗಿ ಕತ್ತರಿಸಿ, ಒಳಗುಳಿದ ಒಣ ಸಿಪ್ಪೆಯನ್ನು ಕೊಡವಿ, ಎಸಳುಗಳ ಬುಡವನ್ನು ಒಂದು ಮಣಿಯ ಸುತ್ತ ಹೊಲಿದರೆ ನಕ್ಷತ್ರ ಸಿದ್ಧವಾಗುತ್ತದೆ. ಗೂಡಿನ ಗೋಡೆ ತೆಳುವಾದರೂ ಸೆರಿಸಿನ್ ಎಂಬ ಅಂಟಿನಿಂದಾಗಿ ಗಡುಸಾಗಿರುವುದರಿಂದ ಎಸಳು ತನ್ನ ಬಾಗಿದ ಆಕಾರವನ್ನು ಬಿಡುವುದಿಲ್ಲ. ಅದಕ್ಕೆ ಮಿನುಗುಪುಡಿ ಬಳಿಯುವುದು ನನಗೆ ಒಪ್ಪಿಗೆಯಿಲ್ಲ. ಅದು ಬಹುಮಟ್ಟಿಗೆ ಪ್ಲಾಸ್ಟಿಕ್ಕೇ. ಹಳದಿ ಗೂಡು ಸಿಕ್ಕರಂತೂ ಬಣ್ಣದ ಅಗತ್ಯವೇ ಇಲ್ಲ.

ಅಂಗಡಿಯಲ್ಲಿ ಮಾರುವ ಇಂಥ ನಕ್ಷತ್ರಕ್ಕೆ ಕೈಯಿಂದ ಮಾಡಿದ್ದೆಂಬ ಚೀಟಿ ಅಂಟಿಸಿದ ಮಾತ್ರಕ್ಕೆ ವ್ಯಾಪಾರ ನ್ಯಾಯಯುತವಾಗುವುದಿಲ್ಲ. ವಿಶ್ವ ನ್ಯಾಯಯುತ ವ್ಯಾಪಾರ ಸಂಸ್ಥೆಯ 10 ತತ್ವಗಳ ಪ್ರಕಾರ, ಕರಕುಶಲ ವಸ್ತುಗಳನ್ನು ಕೊಳ್ಳುವ ವ್ಯಾಪಾರಿಗಳು, ತಯಾರಕರು ಕೇಳಿದಲ್ಲಿ, ಕನಿಷ್ಠ ಶೇ 50ರಷ್ಟು ಹಣವನ್ನು ಬಡ್ಡಿಯಿಲ್ಲದೆ ಮುಂಗಡವಾಗಿ ಕೊಡಬೇಕು. ಡಿಸೆಂಬರ್‌ನಲ್ಲಿ ಮಾರಾಟವಾಗುವ ಸರಕಿನ ಕೆಲಸ ತಿಂಗಳುಗಳ ಮೊದಲೇ ಶುರುವಾಗುವುದರಿಂದ, ಹೊಲಿಯುವ ಹೆಂಗಸರು ಅಲ್ಲಿಯವರೆಗೆ ಸಾಲ ಮಾಡದಂತೆ ಕಾಯುವುದು ಈ ಮುಂಗಡವೇ. ಆದ್ದರಿಂದ ಇಂಥ ನಕ್ಷತ್ರವನ್ನು ಅಂಗಡಿಯಲ್ಲಿ ಕೊಳ್ಳುವಾಗ ನಾನು ಬೆಲೆಗಿಂತ ಮೊದಲು ವಿಚಾರಿಸುವುದು ಮುಂಗಡದ ವಿಷಯವನ್ನು.